ಉರಿವ ಅರಮನೆಯಲ್ಲಿ ಗಳ ಹಿರಿದವರು

ಮಣಿ ಹೊದಿಸಿದ ಮರದ ವಿಗ್ರಹಕ್ಕೆ ಬೆಂಕಿ ಬಿದ್ದರೆ ಮೊದಲು ಸುಡುವುದು ದಾರ. ಆಮೇಲೆ ಮಣಿಯ ಕೆಳಗಿನ ಬಟ್ಟೆ. ಅಷ್ಟರಲ್ಲಿ ಹಿಡಿತ ತಪ್ಪಿದ ಗಾಜಿನ ಮಣಿಗಳು ಬೂದಿಗೆ ಉದುರಿರುತ್ತವೆ. ಉರಿ ಜೋರಾಗಿದ್ದರೆ ಒಂದಕ್ಕೊಂದು ಕರಗಿ ಅಂಟಿ, ನೀಲಿಯೂ ಅಲ್ಲದ ಕೆಂಪೂ ಅಲ್ಲದ ಗಂಟಾಗಿರುತ್ತವೆ. ಮರ ಕೊನೆಗೆ. ಒಬ್ಬ ಕುಶಲಕರ್ಮಿ ಕಣ್ಣು ಸವೆಸಿ ಹೊಲಿದದ್ದು ಹುಲ್ಲಿನ ಚಾವಣಿಯೊಂದು ಕುಸಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಪಶ್ಚಿಮ ಕ್ಯಾಮರೂನಿನ ಬಮಿಲೆಕೆ ಗುಡ್ಡನಾಡಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಇದು ಮತ್ತೆ ಮತ್ತೆ ನಡೆಯಿತು. ಇಪ್ಪತ್ತೊಂದನೆಯದರಲ್ಲೂ ನಿಂತಿಲ್ಲ.

ಯಾರು ಸುಟ್ಟರು ಎಂದರೆ ಒಬ್ಬನತ್ತ ಬೆರಳು ತೋರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಜರ್ಮನ್ ದಂಡು ಸುಟ್ಟಿತು. ಫ್ರೆಂಚ್ ಸೈನ್ಯ ಸುಟ್ಟಿತು. ಆ ಸೈನ್ಯದ ವಿರುದ್ಧ ಬಂದೂಕು ಹಿಡಿದವರೂ ಸುಟ್ಟರು. ಸ್ವತಂತ್ರ ದೇಶದ ಸರ್ಕಾರ ಸುಟ್ಟಿತು. ಸುಡದೆ ಉಳಿದದ್ದನ್ನು ವ್ಯಾಪಾರಿಗಳು ಹೊತ್ತರು. ಇವರಲ್ಲಿ ಬಹುಪಾಲು ಮಂದಿಗೆ ಆ ವಿಗ್ರಹಗಳ ಮೇಲೆ ಹಗೆಯೂ ಇರಲಿಲ್ಲ ಎಂಬುದೇ ನನ್ನ ಸಿಟ್ಟಿನ ಮೂಲ. ಹಗೆಯಿಂದ ಒಡೆಯುವವನು ತಾನು ಒಡೆಯುತ್ತಿರುವುದು ಏನೆಂದು ತಿಳಿದೇ ಒಡೆಯುತ್ತಾನೆ. ಇವರು ನೋಡಲೂ ಇಲ್ಲ. ಮನೆಗೆ ಕೊಳ್ಳಿ ಇಟ್ಟರು, ಒಳಗಿದ್ದದ್ದು ಜೊತೆಗೆ ಹೋಯಿತು. ಅಷ್ಟೆ. ಈ 'ಅಷ್ಟೆ'ಯನ್ನು ಕ್ಷಮಿಸಲು ನನಗೆ ಸಾಧ್ಯವಾಗಿಲ್ಲ.

ಒಳಗಿದ್ದದ್ದು ಏನು?

ಬಮಿಲೆಕೆ ಎಂದರೆ ಒಂದೇ ರಾಜ್ಯವಲ್ಲ. ಬಂಜೂನ್, ಬಾಹಾಂ, ಬಾನಾ, ಬಾತುಫಾಂ, ಬಾನ್ಸೊವಾ, ಬಾಂಗು ಹೀಗೆ ನೂರರ ಆಸುಪಾಸಿನ ಸಣ್ಣ ದೊಡ್ಡ ಸಂಸ್ಥಾನಗಳು, ಬಾಫುಸಾಂ ಪಟ್ಟಣದ ಸುತ್ತಮುತ್ತ ಎತ್ತರದ ಹಸಿರು ಗುಡ್ಡಗಳಲ್ಲಿ ಹರಡಿಕೊಂಡಿವೆ. ಪ್ರತಿಯೊಂದಕ್ಕೂ ಒಬ್ಬ ರಾಜ. ಅವನನ್ನು ಫೋ ಎನ್ನುತ್ತಾರೆ. ಅವನ ತಾಯಿ ಮಾಫೊ. ರಾಜಮಾತೆಯ ಮಾತಿಗೆ ಸಭೆಯಲ್ಲಿ ತೂಕವಿದೆ. ಫೋ ಒಬ್ಬನೇ ಆಳುವುದಿಲ್ಲ. ಒಂಬತ್ತು ಮಂದಿ ಹಿರಿಯರ ಸಭೆ ಅವನನ್ನು ಕೂರಿಸುತ್ತದೆ, ಕಾಯುತ್ತದೆ, ತಪ್ಪಿದರೆ ತಡೆಯುತ್ತದೆ. ಪಟ್ಟಕ್ಕೆ ಆಯ್ಕೆಯಾದವನು ನೇರವಾಗಿ ಹೋಗಿ ಸಿಂಹಾಸನದಲ್ಲಿ ಕೂರುವಂತಿಲ್ಲ. ಲಾಕಾಂ ಎಂಬ ಪ್ರತ್ಯೇಕ ನೆಲೆಯಲ್ಲಿ ಒಂಬತ್ತು ವಾರ ಇದ್ದು ರಾಜತನವನ್ನು ಕಲಿಯಬೇಕು. ವಂಶ ಮುಂದುವರಿಸಬಲ್ಲೆ ಎಂದು ಅಲ್ಲೇ ತೋರಿಸಿಕೊಡಬೇಕು.

ಹಲವು ಸಂಸ್ಥಾನಗಳಲ್ಲಿ ಹೊಸ ಫೋ ತನ್ನದೊಂದು ವಿಗ್ರಹ ಕೆತ್ತಿಸುತ್ತಾನೆ. ಪಟ್ಟವಾದ ಮೇಲೆ ತನಗೆ ಮೊದಲ ಮಗುವನ್ನು ಹೆತ್ತುಕೊಟ್ಟ ರಾಣಿಯದೂ ಒಂದು. ಕೆತ್ತುವವನು ಒಬ್ಬ, ಮಣಿ ಹೊಲಿಯುವವನು ಇನ್ನೊಬ್ಬ. ಆಸ್ಥಾನದ ಮಣಿಗೆಲಸ ಹೆಚ್ಚಾಗಿ ಗಂಡಸರದು. ಸಿಂಹಾಸನವಾದರೆ ಪೀಠ, ಅದನ್ನು ಹೊತ್ತ ಚಿರತೆ, ಹಿಂದೆ ನಿಂತ ರಾಜ ರಾಣಿಯರು ಎಲ್ಲವೂ ಒಂದೇ ದಿಮ್ಮಿಯಿಂದ ಹೊರಬರಬೇಕು, ಜೋಡಣೆ ಇಲ್ಲ. ಮರದ ಮೈಗೆ ಒರಟು ಬಟ್ಟೆಯನ್ನು ಬಿಗಿಯಾಗಿ ಹೊದಿಸಿ ಹೊಲಿಯುತ್ತಾರೆ. ಮಣಿಗಳನ್ನು ದಾರಕ್ಕೆ ಪೋಣಿಸಿ, ಸಾಲು ಸಾಲಾಗಿ ಆ ಬಟ್ಟೆಗೆ ಕೂರಿಸುತ್ತಾರೆ. ಮೊಣಕೈ ಮಡಿಸಿದಲ್ಲಿ, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಸಾಲು ಬಾಗಬೇಕು, ಮುರಿಯಬಾರದು. ಎಷ್ಟೋ ವಿಗ್ರಹಗಳಲ್ಲಿ ಮುಖವನ್ನೂ ಬಿಡದೆ ಮುಚ್ಚಿದ್ದಾರೆ. ಅಂಚಿಗೆ ಕವಡೆ.

ಈ ವಿಗ್ರಹದ ಮೂಗು ಬಾಯಿಗಳು ರಾಜನನ್ನು ಹೋಲುತ್ತವೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ರಾಜನನ್ನು ಗುರುತಿಸುವುದು ಅವನ ಟೋಪಿಯ ಗುಬ್ಬಿಗಳಿಂದ, ಕೊರಳಿನ ಚಿರತೆಹಲ್ಲಿನ ಸರದಿಂದ, ಕೈಯಲ್ಲಿನ ಚಿಲುಮೆಯಿಂದ, ಹೆಂಡದ ಸೋರೆಬುರುಡೆಯಿಂದ, ಕುಡಿಯುವ ಕೊಂಬಿನಿಂದ. ಮೇಲಿನ ಚಿತ್ತಾರ ಮಿಕ್ಕದ್ದನ್ನು ಹೇಳುತ್ತದೆ. ತ್ರಿಕೋನಗಳ ಸಾಲು ಚಿರತೆಯ ಮಚ್ಚೆ. ಚಿರತೆ ಎಂದರೆ ಫೋ, ಅವನು ರಾತ್ರಿ ಚಿರತೆಯಾಗಬಲ್ಲ, ಆನೆಯಾಗಬಲ್ಲ ಎಂಬ ನಂಬಿಕೆ. ಎರಡು ತಲೆಯ ಹಾವು ಎರಡು ದಿಕ್ಕಿನಿಂದಲೂ ಕಚ್ಚಬಲ್ಲ ಬಲ. ಕಪ್ಪೆ ಎಂದರೆ ಸಂತಾನ, ಸಮೃದ್ಧಿ. ನೆಲಜೇಡವನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಗೌರವ. ಬಿಲದ ಬಾಯಲ್ಲಿ ಗುರುತು ಹಾಕಿದ ಎಲೆಗಳನ್ನಿಟ್ಟು ಮುಚ್ಚುತ್ತಾರೆ. ಒಳಗಿಂದ ಬಂದ ಜೇಡ ಅವನ್ನು ಅತ್ತಿತ್ತ ಸರಿಸಿರುತ್ತದೆ. ಆ ಸರಿದಾಟವನ್ನು ಓದಿ ಕಣಿ ಹೇಳುತ್ತಾರೆ. ನೆಲದ ಕೆಳಗಿನ ಪಿತೃಗಳಿಗೂ ಮೇಲಿನ ಮಕ್ಕಳಿಗೂ ನಡುವೆ ಓಡಾಡುವ ಜೀವ ಅದು. ರಾಜನ ಪೀಠದ ಸುತ್ತ ಜೇಡವನ್ನು ಕೊರೆದಿದ್ದರೆ, ಇವನು ಕೂತು ಆಡುವ ಮಾತಿಗೆ ಸತ್ತವರ ಒಪ್ಪಿಗೆಯಿದೆ ಎಂದು ಅರ್ಥ.

ಬಣ್ಣಕ್ಕೂ ಅರ್ಥವಿದೆ. ಕ್ವೊಸಿ ಎಂಬ ಮಂಡಳಿಯವರು ತೊಡುವ ಆನೆಮುಖವಾಡವನ್ನೇ ನೋಡಿ: ತಲೆಗೆ ಗವಸಣಿಗೆ, ಅತ್ತಿತ್ತ ಬೀಸುವ ದೊಡ್ಡ ದುಂಡು ಕಿವಿಗಳು, ಮುಂದೆ ಮೊಣಕಾಲಿನ ತನಕ ಇಳಿಬಿದ್ದ ಸೊಂಡಿಲು, ಎಲ್ಲವೂ ಮಣಿ. ಹಿಂದೆ ಯೋಧರ ಕೂಟವಾಗಿದ್ದ ಕ್ವೊಸಿ ಕ್ರಮೇಣ ಸಿರಿವಂತರ, ಪದವಿ ಪಡೆದವರ ಕೂಟವಾಯಿತು. ರಾಜ ಸತ್ತಾಗ, ದೊಡ್ಡ ಹಬ್ಬಗಳಲ್ಲಿ, ನೀಲಿ ಬಿಳಿಯ ನ್‌ಡೊಪ್ ಬಟ್ಟೆ ತೊಟ್ಟು, ಬೆನ್ನಿಗೆ ಚಿರತೆಚರ್ಮ ಹೊದ್ದು ಅವರು ಕುಣಿಯುತ್ತಾರೆ. ಆ ಮುಖವಾಡದ ಕಪ್ಪು ಮಣಿ ಬದುಕಿದವರಿಗೂ ಸತ್ತವರಿಗೂ ಇರುವ ನಂಟು. ಬಿಳಿ ಪಿತೃಗಳ ಮೂಳೆ, ಮದ್ದಿನ ಶಕ್ತಿ. ಕೆಂಪು ಜೀವ, ಹೆಣ್ಣು, ರಾಜತನ. ಇಲ್ಲಿ ಸೌಂದರ್ಯ ಬೇರೆ, ಸಂವಿಧಾನ ಬೇರೆ ಎಂದಿಲ್ಲ. ಮಣಿ ತೊಡುವ ಹಕ್ಕು ಯಾರಿಗಿದೆ ಎಂದು ಹೇಳುವವನು ಫೋ. ಊರಿಗೆ ಬಂದ ಮಣಿಯನ್ನು ತನ್ನ ಹಿಡಿತದಲ್ಲಿಟ್ಟುಕೊಂಡು, ಮೆಚ್ಚಿದವರಿಗೆ ಹಂಚುತ್ತಿದ್ದವನೂ ಅವನೇ.

ಆ ಮಣಿಗಳು ಬಂದದ್ದೆಲ್ಲಿಂದ ಎಂಬ ಮಾತನ್ನೂ ನುಂಗಬಾರದು. ಹೆಚ್ಚಿನವು ವೆನಿಸ್ಸಿನ ಮತ್ತು ಬೊಹೀಮಿಯಾದ ಕುಲುಮೆಗಳವು. ಕರಾವಳಿಯ ಬಂದರುಗಳಿಂದ ಕೈಯಿಂದ ಕೈಗೆ ದಾಟಿ ಗುಡ್ಡ ಹತ್ತಿದವು. ಅದಕ್ಕೆ ಬದಲಾಗಿ ಗುಡ್ಡ ಇಳಿದದ್ದು ದಂತ, ಕೋಲಾ ಕಾಯಿ ಮತ್ತು ಮನುಷ್ಯರು. ಈ ಎತ್ತರದ ನಾಡು ಗುಲಾಮರ ವ್ಯಾಪಾರಕ್ಕೆ ಸಾವಿರಾರು ಜೀವಗಳನ್ನು ಕೊಟ್ಟಿದೆ, ಕೊಟ್ಟವರಲ್ಲಿ ರಾಜರೂ ಇದ್ದರು. ಮಣಿ ಹಣವಾಗಿತ್ತು, ಆ ಹಣಕ್ಕೆ ಕಣ್ಣೀರಿನ ಲೆಕ್ಕವಿದೆ. ನಾನು ಅರಮನೆಗಳ ಭಟ್ಟಂಗಿಯಲ್ಲ. ಫೋಗಳೆಲ್ಲ ಪುಣ್ಯಾತ್ಮರೆಂದು ಹೇಳಲು ಈ ಬರಹವಲ್ಲ. ಆದರೆ ಮನುಷ್ಯರನ್ನು ಮಾರಿ ಪಡೆದ ಗಾಜನ್ನು ಪಿತೃಗಳ ಮೂಳೆಯ ಬಣ್ಣವಾಗಿಸಿ, ಹಗಲಿರುಳು ಎದುರಿಗೆ ಇಟ್ಟುಕೊಂಡ ಜನ ತಮ್ಮ ಚರಿತ್ರೆಯನ್ನು ತಾವೇ ಕೇಳಿ ತೀರ್ಮಾನಿಸಬೇಕಿತ್ತು. ಪುರಾವೆಯನ್ನೇ ಸುಟ್ಟವರು ಆ ನ್ಯಾಯಪಂಚಾಯಿತಿಯ ಹಕ್ಕನ್ನೂ ಕಿತ್ತುಕೊಂಡರು.

ಒಂದೊಂದು ತಲೆಮಾರಿನ ವಿಗ್ರಹ ಹಿಂದಿನದರ ಪಕ್ಕದಲ್ಲಿ ಸೇರುತ್ತಿತ್ತು. ವರ್ಷದ ಬಹುಪಾಲು ಕತ್ತಲ ಉಗ್ರಾಣದಲ್ಲಿ, ಕಾವಲಿನವರ ಸುಪರ್ದಿಯಲ್ಲಿ. ಸಾವು, ಪಟ್ಟ, ವರ್ಧಂತಿಯಂಥ ದಿನ ಹೊರಗೆ ಬಂದು ಸಾಲಾಗಿ ಕೂತಾಗ ಊರಿನವರಿಗೆ ತಮ್ಮ ರಾಜವಂಶದ ಕ್ರಮ ಕಣ್ಣೆದುರೇ ಇರುತ್ತಿತ್ತು. ಯಾರ ಮಗ ಯಾರು, ಯಾವ ರಾಣಿಯ ಹೊಟ್ಟೆಯಿಂದ ಯಾವ ಕವಲು, ಯಾವ ಕವಲಿಗೆ ಯಾವ ಜಮೀನು. ಕಾಗದವಿಲ್ಲದ ನಾಡಿನಲ್ಲಿ ಇದೇ ಕಂದಾಯ ದಫ್ತರ, ಇದೇ ನ್ಯಾಯಾಲಯದ ದಾಖಲೆ ಕೋಣೆ. ದಫ್ತರಕ್ಕೆ ಬೆಂಕಿ ಇಟ್ಟವನನ್ನು ಯಾವ ದೇಶದ ಕಾನೂನು ಬಿಡುತ್ತದೆ?

ಬಿಟ್ಟಿತು. ಪದಕ ಕೊಟ್ಟು ಬಿಟ್ಟಿತು.

1884ರಲ್ಲಿ ಕರಾವಳಿಯಲ್ಲಿ ಬಾವುಟ ನೆಟ್ಟ ಜರ್ಮನಿ, ಗುಡ್ಡನಾಡಿಗೆ ಕೈ ಚಾಚಿದ್ದು ತೋಟಗಳಿಗೆ ಕೂಲಿಗಳನ್ನು ಹುಡುಕಿಕೊಂಡು. ಬಮಿಲೆಕೆ ನಾಡಿನ ಪಶ್ಚಿಮದಂಚಿನ ಬಂಗ್ವಾ ಸಂಸ್ಥಾನಕ್ಕೆ ಬಂದ ಗುಸ್ತಾವ್ ಕೊನ್ರಾವ್ ಎಂಬ ಏಜೆಂಟ್ ಆಳುಗಳನ್ನು ಕರಾವಳಿಗೆ ಸಾಗಿಸಿದ, ವಿಗ್ರಹಗಳನ್ನು ಬರ್ಲಿನ್ನಿಗೆ ಸಾಗಿಸಿದ. ಹೋದ ಆಳುಗಳು ಮರಳದಿದ್ದಾಗ ಅಲ್ಲಿನ ಫೊಂತೆಮ್‌ನ ರಾಜ ಅವನನ್ನು ತಡೆದಿಟ್ಟ. 1899ರಲ್ಲಿ ಅವನು ಅಲ್ಲೇ ತನ್ನ ಜೀವ ಕಳೆದುಕೊಂಡ. ಆ ಮೇಲೆ ಬಂದದ್ದು 'ಶಿಕ್ಷಾ ಯಾತ್ರೆ'ಗಳು. ಅರಮನೆ ಸುಡುವುದು, ದಂತ ಮತ್ತು ಕೂಲಿಯಾಳುಗಳನ್ನು ದಂಡವಾಗಿ ವಸೂಲು ಮಾಡುವುದು, ಕೈಗೆ ಸಿಕ್ಕಿದ್ದನ್ನು ಪೆಟ್ಟಿಗೆಗೆ ತುಂಬುವುದು. ಆ ಅವಸರದ ಮೊತ್ತ ಇವತ್ತು ಗೊತ್ತಿದೆ: ಬೆನೆಡಿಕ್ಟ್ ಸವೊಯ್ ಮತ್ತು ಚಾಂಗ್ ವಿಶ್ವವಿದ್ಯಾಲಯದ ಆಲ್ಬೆರ್ ಗುವಾಫೊ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜರ್ಮನಿಯ ಸಾರ್ವಜನಿಕ ಮ್ಯೂಸಿಯಂಗಳಲ್ಲಿ ಕ್ಯಾಮರೂನಿನ ವಸ್ತುಗಳು 40,000ಕ್ಕೂ ಹೆಚ್ಚು. ಅವುಗಳ ಬಹುಪಾಲು ಪ್ರದರ್ಶನದಲ್ಲಿಲ್ಲ, ಗೋದಾಮಿನಲ್ಲಿ. ಹುಳ ಹಿಡಿಯದಿರಲೆಂದು ಅಲ್ಲಿನ ಮ್ಯೂಸಿಯಂಗಳು ಇಂಥ ವಸ್ತುಗಳಿಗೆ ದಶಕಗಳ ಕಾಲ ವಿಷ ಸುರಿದವು. ಎಷ್ಟನ್ನೋ ಇವತ್ತು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಕೂರಲೆಂದು ಕೆತ್ತಿದ ಪೀಠಕ್ಕೆ ವಿಷ ಸವರಿ, ನಾವು ಸಂರಕ್ಷಿಸಿದೆವು ಎಂದು ಎದೆ ತಟ್ಟಿಕೊಳ್ಳುವವರಿಗೆ ನಾಚಿಕೆ ಎಂಬುದು ಇದೆಯೇ?

ಕೊನ್ರಾವ್ ಕಳಿಸಿದವುಗಳಲ್ಲಿ ಒಂದರ ಗತಿ ನೋಡಿ. ಅದು ಮಣಿಗೆಲಸದ್ದಲ್ಲ, ಬರಿಮರದ ಹೆಣ್ಣು. ಅವಳಿಗಳ ತಾಯಿ, ಪೂಜಾರಿಣಿ ಎಂದು ತಿಳಿದವರು ಗುರುತಿಸುವ, ಕುಣಿತದ ಮಧ್ಯೆ ಬಾಯ್ತೆರೆದು ಹಾಡುವ ಮೂರ್ತಿ. ಬರ್ಲಿನ್ನಿನ ಮ್ಯೂಸಿಯಂ ಅದನ್ನು ವ್ಯಾಪಾರಿಯ ಕೈಗೆ ದಾಟಿಸಿತು. ಅದು ಪ್ಯಾರಿಸ್ಸಿಗೆ ಹೋಯಿತು. 1930ರ ದಶಕದಲ್ಲಿ ಛಾಯಾಗ್ರಾಹಕ ಮ್ಯಾನ್ ರೇ ಅದರ ಪಕ್ಕದಲ್ಲಿ ಬೆತ್ತಲೆ ಮಾಡೆಲ್ ಒಬ್ಬಳನ್ನು ಕೂರಿಸಿ ಫೋಟೋ ಹಿಡಿದ. ಸೌಂದರ್ಯವರ್ಧಕಗಳ ಒಡತಿ ಹೆಲೆನಾ ರುಬಿನ್‌ಸ್ಟೈನ್ ಅದನ್ನು ಕೊಂಡಳು. ಅವಳ ಸಂಗ್ರಹ 1966ರಲ್ಲಿ ಹರಾಜಾದಾಗ 29,000 ಡಾಲರು. 1990ರ ಹರಾಜಿನಲ್ಲಿ 34 ಲಕ್ಷ ಡಾಲರು. ಊರಿನಲ್ಲಿ ಅವಳು ಯಾರಿಗಾಗಿ ಹಾಡುತ್ತಿದ್ದಳೋ ಅವರಿಗೆ ಇದರಲ್ಲಿ ಬಿಡಿಗಾಸಿಲ್ಲ. ಹರಾಜಿನ ಕ್ಯಾಟಲಾಗಿನಲ್ಲಿ ಕೊಂಡವರ ಹೆಸರೆಲ್ಲ ಸಾಲಾಗಿ ಇರುತ್ತದೆ, ಅದಕ್ಕೆ ವಂಶಾವಳಿಯ ಗಾಂಭೀರ್ಯ. ಫೋಗಳ ವಂಶಾವಳಿ ಸುಟ್ಟು, ಗಿರಾಕಿಗಳ ವಂಶಾವಳಿ ಬರೆದಿಟ್ಟರು.

ಜರ್ಮನರು 1916ರಲ್ಲಿ ಹೋದರು, ಫ್ರೆಂಚರು ಬಂದರು. 1920ರ ದಶಕದಲ್ಲಿ ಫ್ರಾಂಕ್ ಕ್ರಿಸ್ತೋಲ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ, ಅವನ ನಂತರ ರೇಮಂ ಲೆಕೊಕ್ ಎಂಬ ಕಲಾಸಕ್ತ, ಅರಮನೆಗಳ ಮತ್ತು ವಿಗ್ರಹಗಳ ಫೋಟೋ ತೆಗೆದರು. ಲೆಕೊಕ್‌ನ ಪುಸ್ತಕ ಹೊರಬಂದದ್ದು 1953ರಲ್ಲಿ. ಅದರೊಳಗಿನ ಹಲವು ಕಟ್ಟಡಗಳಿಗೆ ಹತ್ತು ವರ್ಷವೂ ಆಯುಸ್ಸಿರಲಿಲ್ಲ. ಇವತ್ತು ವಿದ್ವಾಂಸರು ಆ ಚಿತ್ರಗಳನ್ನು ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ಆದರೆ ಅವು ಕಪ್ಪು ಬಿಳುಪಿನವು! ಕೆಂಪು ಯಾವುದು, ನೀಲಿ ಯಾವುದು, ಯಾವ ಸಾಲು ಜೀವದ್ದು ಯಾವುದು ಮೂಳೆಯದು, ಎಲ್ಲವೂ ಬೂದುಬಣ್ಣದ ಛಾಯೆಗಳಲ್ಲಿ ಮುಳುಗಿಹೋಗಿವೆ. ಬಣ್ಣವೇ ಭಾಷೆಯಾಗಿದ್ದ ಕಲೆಗೆ ಉಳಿದ ಸಾಕ್ಷಿ ಬಣ್ಣಗುರುಡು.

ಈಗ ಆ ಕಟ್ಟಡಗಳನ್ನು ನುಂಗಿದ ಯುದ್ಧದ ಮಾತು. 1955ರ ಜುಲೈನಲ್ಲಿ ಫ್ರಾನ್ಸ್, ಸ್ವಾತಂತ್ರ್ಯ ಕೇಳುತ್ತಿದ್ದ ಯುಪಿಸಿ ಪಕ್ಷವನ್ನು ನಿಷೇಧಿಸಿತು. ಪಕ್ಷ ಕಾಡು ಸೇರಿತು. 1958ರ ಸೆಪ್ಟೆಂಬರಿನಲ್ಲಿ ಅದರ ನಾಯಕ ರೂಬೆನ್ ಉಮ್ ನ್ಯೋಬೆಯನ್ನು ಕಾಡಿನಲ್ಲೇ ಗುಂಡಿಟ್ಟು ಕೊಂದರು. 1960ರಲ್ಲಿ ಪಕ್ಷದ ಇನ್ನೊಬ್ಬ ನಾಯಕ ಫೆಲಿಕ್ಸ್ ಮೂಮಿಯೆಗೆ ಜಿನೀವಾದಲ್ಲಿ ವಿಷ ಹಾಕಿದರು. ಅದೇ ವರ್ಷದ ಜನವರಿ 1ಕ್ಕೆ ದೇಶ ಸ್ವತಂತ್ರವಾಗಿತ್ತು. ಸ್ವತಂತ್ರವಾದ ಮೇಲೂ ಫ್ರೆಂಚ್ ಸೈನ್ಯ ಬಮಿಲೆಕೆ ಗುಡ್ಡಗಳಲ್ಲಿ ಬೀಡುಬಿಟ್ಟೇ ಇತ್ತು, ಹೊಸ ಅಧ್ಯಕ್ಷ ಅಹಿಜೊ ಪರವಾಗಿ. ಹಳ್ಳಿಗಳನ್ನು ಖಾಲಿ ಮಾಡಿಸಿ ಜನರನ್ನು ಕಾವಲು ಶಿಬಿರಗಳಿಗೆ ತುಂಬಿದರು. ಖಾಲಿಯಾದ ಹಳ್ಳಿಗಳನ್ನು ಸುಟ್ಟರು. ಫೋ ಬಂಡುಕೋರರ ಕಡೆಗಿದ್ದಾನೆಂದು ಸೈನ್ಯ ಅರಮನೆ ಸುಟ್ಟಿತು. ಫೋ ಸರ್ಕಾರದ ಕಡೆಗಿದ್ದಾನೆಂದು ಬಂಡುಕೋರರು ಅರಮನೆ ಸುಟ್ಟರು. ಸತ್ತವರು ಹತ್ತಾರು ಸಾವಿರ. ಯುಪಿಸಿಯ ಕೊನೆಯ ದೊಡ್ಡ ನಾಯಕ ಎರ್ನೆಸ್ಟ್ ವಾಂಡಿಯೆಯನ್ನು 1971ರ ಜನವರಿ 15ರಂದು ಬಾಫುಸಾಂನಲ್ಲಿ ಸಾರ್ವಜನಿಕವಾಗಿ ಗುಂಡಿಟ್ಟು ಕೊಲ್ಲುವ ಹೊತ್ತಿಗೆ ಆ ಗುಡ್ಡಗಳಲ್ಲಿ ಒಂದು ಕಾಲದ ಹುಲ್ಲುಗೋಪುರಗಳ ಬದಲು ತಗಡಿನ ಚಾವಣಿಗಳಿದ್ದವು.

ಸಾವಿನ ಎದುರು ಮಣಿಯ ಮಾತೇಕೆ ಎಂದು ಒಬ್ಬರು ಸಿಡುಕಬಹುದು. ಹೆಣಗಳ ರಾಶಿಯ ಪಕ್ಕ ನಿಂತು ಗೊಂಬೆಗಾಗಿ ಅಳುತ್ತೀಯಾ? ನ್ಯಾಯವಾದ ಸಿಡುಕು. ಆದರೆ ಬಮಿಲೆಕೆಗಳಲ್ಲಿ ಸತ್ತವರನ್ನು ಮಣ್ಣು ಮಾಡಿದರೆ ಕೆಲಸ ಮುಗಿಯುವುದಿಲ್ಲ. ಕಾಲ ಬಂದಾಗ ತಲೆಬುರುಡೆಯನ್ನು ತೆಗೆದು, ವಾರಸುದಾರ ಅದನ್ನು ಮನೆಯಲ್ಲಿಟ್ಟು ಕಾಯಬೇಕು, ಉಣಬಡಿಸಬೇಕು, ಮಾತಾಡಬೇಕು. ಶಿಬಿರಕ್ಕೆ ಅಟ್ಟಿದವರ ಹಿಂದೆ ಸುಟ್ಟ ಮನೆಗಳಲ್ಲಿ ಆ ಬುರುಡೆಗಳೂ ಇದ್ದವು. ಅರಮನೆಗಳಲ್ಲಿ ರಾಜರ ಬುರುಡೆಗಳು, ಅವರ ಮಣಿವಿಗ್ರಹಗಳು. ಸತ್ತವರನ್ನು ಎರಡನೆಯ ಸಲ ಕೊಂದದ್ದು ಅದು. ಬದುಕಿದವರ ಲೆಕ್ಕದಲ್ಲಿ ಹೆಣವೂ ವಿಗ್ರಹವೂ ಬೇರೆ ಬೇರೆ ಪುಟದಲ್ಲಿರಲಿಲ್ಲ. ಬೇರೆ ಮಾಡಿದವರು ನಾವು, ಹೊರಗಿನವರು.

ಮತ್ತೆ, ಅಳುವುದಕ್ಕಾದರೂ ಬಿಟ್ಟರೇ? ದಶಕಗಳ ಕಾಲ ಉಮ್ ನ್ಯೋಬೆಯ ಹೆಸರು ಎತ್ತುವುದೇ ದ್ರೋಹ. ಆ ನಾಯಕರಿಗೆ ಸಂಸತ್ತು ಕಾಯಿದೆ ಮಾಡಿ ಗೌರವ ಮರಳಿಸಿದ್ದು 1991ರ ಡಿಸೆಂಬರಿನಲ್ಲಿ. ಅಲ್ಲಿಯ ತನಕ ಅರಮನೆಗೆ ಯಾರು ಕೊಳ್ಳಿ ಇಟ್ಟರು, ಒಳಗೆ ಏನೇನಿತ್ತು ಎಂದು ಹಿರಿಯರು ಕೂತು ಪಟ್ಟಿ ಮಾಡುವುದು ಪೊಲೀಸು ಮನೆಗೆ ಕರೆಸಿಕೊಳ್ಳುವ ಕೆಲಸವಾಗಿತ್ತು. ನೋಡಿದವರ ನೆನಪಿನಲ್ಲಿದ್ದ ಪಟ್ಟಿ ನೋಡಿದವರ ಜೊತೆಗೇ ಮಣ್ಣಿಗೆ ಹೋಯಿತು. ಬೆಂಕಿ ವಿಗ್ರಹವನ್ನು ಸುಟ್ಟಿತು, ಬಾಯಿಬೀಗ ಅದರ ವಿವರವನ್ನು ಸುಟ್ಟಿತು. ಎರಡನೆಯದಕ್ಕೆ ಹೊಣೆ ವಿದೇಶದ ಸೇನಾಧಿಕಾರಿಯಲ್ಲ, ರಾಜಧಾನಿ ಯಾವುಂಡೆಯ ಸ್ವದೇಶಿ ಸರ್ಕಾರ.

ಇಂಥ ಹೊತ್ತಿಗೇ ಕಾದಿದ್ದವರು ವ್ಯಾಪಾರಿಗಳು. ಉರಿವ ಮನೆಯಲ್ಲಿ ಗಳ ಹಿರಿಯುವವರು ಎಂದು ನಮ್ಮ ಕಡೆ ಹೇಳುವುದು ಇವರನ್ನೇ. ಅರಮನೆ ಕಾಯುವವರು ಚದುರಿದ್ದರು, ಉಗ್ರಾಣದ ಬಾಗಿಲು ಮುರಿದಿತ್ತು, ಜನರಿಗೆ ಊಟಕ್ಕಿರಲಿಲ್ಲ. 1960ರ ದಶಕದಲ್ಲಿ ಕ್ಯಾಮರೂನಿನ ಗುಡ್ಡನಾಡಿನ ಮಣಿಗೆಲಸ ಪ್ಯಾರಿಸ್, ನ್ಯೂಯಾರ್ಕ್ ಗ್ಯಾಲರಿಗಳಲ್ಲಿ ಇದ್ದಕ್ಕಿದ್ದಂತೆ ತುಂಬಿಕೊಂಡದ್ದು ಪವಾಡವಲ್ಲ. ಸುಟ್ಟದ್ದು ಹೆಚ್ಚಿದಷ್ಟೂ ಉಳಿದದ್ದರ ಬೆಲೆ ಹೆಚ್ಚಿತು. ಸಾವಿನ ಮೇಲೆ ಬಡ್ಡಿ ತಿನ್ನುವುದು ಎಂದರೆ ಇನ್ನೇನು?

ಬಮಿಲೆಕೆಯಲ್ಲದಿದ್ದರೂ ಅದೇ ಗುಡ್ಡಸಾಲಿನ ನೆರೆಯ ಕೋಂ ರಾಜ್ಯದ ಕಥೆ ಇದನ್ನು ಬಯಲಿಗೆ ಎಳೆದ ಅಪರೂಪದ ಪ್ರಕರಣ. ಕೆಂಪುಕಂದು ಮಣಿಗಳಿಂದ ಮೈತುಂಬಿದ, ತಾಮ್ರದ ಮುಖದ, ಪೀಠದ ಹಿಂದೆ ನಿಂತ ರಾಜವಿಗ್ರಹ ಆಫೊ-ಆ-ಕೋಂ 1966ರಲ್ಲಿ ಲೈಕೋಂ ಅರಮನೆಯಿಂದ ಕಳುವಾಯಿತು. 1973ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರದರ್ಶನದಲ್ಲಿ ಗುರುತು ಸಿಕ್ಕಿತು; ಆಗ ಅದು ನ್ಯೂಯಾರ್ಕಿನ ವ್ಯಾಪಾರಿಯೊಬ್ಬನ ಮಾಲು, ಬೆಲೆ 60,000 ಡಾಲರು. ಪತ್ರಿಕೆಗಳಲ್ಲಿ ಗದ್ದಲವಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ವಿಗ್ರಹ ಊರಿಗೆ ಮರಳಿತು. ಸಂತೋಷ. ಆದರೆ ಅದಕ್ಕೆ ಬೇಕಾದದ್ದು ನೋಡಿ: ದೊಡ್ಡ ಕಾಲೇಜು, ದೊಡ್ಡ ಪತ್ರಿಕೆ, ಗುರುತು ಹಿಡಿಯಬಲ್ಲವರ ಕಣ್ಣು, ಅದೃಷ್ಟ. ಸುಟ್ಟ ಅರಮನೆಯ ಬೂದಿಯಿಂದ ಎತ್ತಿಕೊಂಡು ಹೋದ ಬಮಿಲೆಕೆ ಪೀಠಕ್ಕೆ ಇದೆಲ್ಲ ಯಾರು ತರುತ್ತಾರೆ? ಕಳುವಿಗೆ ದೂರು ಕೊಡಬೇಕಾದ ಫೋ ಸೆರೆಯಲ್ಲಿದ್ದ, ಇಲ್ಲವೇ ತಲೆಮರೆಸಿಕೊಂಡಿದ್ದ, ಇಲ್ಲವೇ ಕಳ್ಳನ ಎದುರೇ ಕೂತು ಚೌಕಾಶಿ ಮಾಡುತ್ತಿದ್ದ.

ಹೌದು, ಅದೂ ಇದೆ. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗಗಳನ್ನು ಮರೆಮಾಚಿದರೆ ನನ್ನ ಸಿಟ್ಟಿಗೆ ಬೆಲೆಯಿಲ್ಲ. ಪಿತೃಗಳ ಪೀಠವನ್ನು ಕಾರಿಗಾಗಿ ಮಾರಿದ ವಾರಸುದಾರರಿದ್ದಾರೆ. ಹೊಸ ದೇವರನ್ನು ನಂಬಿ ಹಳೆಯದನ್ನು ಸೈತಾನನ ಸರಕೆಂದು ಬಿಸಾಡಿದವರಿದ್ದಾರೆ. ಪಟ್ಟದ ಜಗಳಗಳಿವೆ. ಹಾಗೆಂದು ಒಳ್ಳೆಯದು ನಡೆಯಲೇ ಇಲ್ಲವೆಂದಲ್ಲ: 2003ರ ಆಸುಪಾಸಿನಲ್ಲಿ ಇಟಲಿಯ ಒಂದು ಸೇವಾಸಂಸ್ಥೆಯ ನೆರವಿನಿಂದ ಬಂಜೂನ್, ಬಾಹಾಂ, ಬಾಬುಂಗೊ, ಮಾಂಕೋನ್ ಅರಮನೆಗಳಲ್ಲಿ ಅವರದ್ದೇ ಮ್ಯೂಸಿಯಂಗಳು ಎದ್ದವು. ವಸ್ತು ಅಲ್ಲೇ, ಒಡೆತನ ಅವರದ್ದೇ. ಆ ಖುಷಿ ಆರುವ ಮೊದಲೇ, 2005ರಲ್ಲಿ, ಬಂಜೂನಿನ ಹೆಸರುವಾಸಿ ದೊಡ್ಡ ಮನೆ ಬೆಂಕಿಗೆ ಆಹುತಿಯಾಯಿತು. ಕೆತ್ತಿದ ಕಂಬಗಳು, ಆಕಾಶಕ್ಕೆ ಚೂಪಾಗಿ ಏರಿದ ಹುಲ್ಲಿನ ಚಾವಣಿ, ಬಮಿಲೆಕೆ ವಾಸ್ತುಶಿಲ್ಪ ಎಂದರೆ ಕಣ್ಣಿಗೆ ಬರುತ್ತಿದ್ದ ಚಿತ್ರವೇ ಅದು. ಊರಿನವರು ಮತ್ತೆ ಕಟ್ಟಿದರು, ಅದಕ್ಕೆ ಅವರಿಗೆ ನಮಸ್ಕಾರ. ಆದರೆ ಹಿಂದಿನ ಬೆಂಕಿಗಳಿಗೆ ನೆಪವಾಗಿ ಒಂದು ಯುದ್ಧವಾದರೂ ಇತ್ತು. ಶಾಂತಿಕಾಲದಲ್ಲಿ, ಎಲ್ಲರೂ ನೋಡುತ್ತಿರುವಾಗ, ಹುಲ್ಲಿನ ಚಾವಣಿಯ ಕೆಳಗೆ ಒಂದು ನಾಡಿನ ನೆನಪನ್ನಿಟ್ಟು ಕಾವಲಿಗೆ ದೇವರನ್ನು ಬಿಟ್ಟ ದೇಶಕ್ಕೆ ಯಾವ ನೆಪವಿದೆ? 2013ರ ಏಪ್ರಿಲಿನಲ್ಲಿ ಪರಂಪರೆ ಸಂರಕ್ಷಣೆಯ ಕಾಯಿದೆ ಬಂತು. ಅದು ಬಂದು ಆರು ವರ್ಷಕ್ಕೆ, 2019ರ ಸೆಪ್ಟೆಂಬರಿನಲ್ಲಿ, ವಾಯುವ್ಯ ಪ್ರಾಂತ್ಯದ ಬಫುಟ್ ಅರಮನೆಗೆ ನುಗ್ಗಿ ಅಲ್ಲಿನ ಅಮೂಲ್ಯ ವಸ್ತುಗಳನ್ನು ದೋಚಿದವರು ಕ್ಯಾಮರೂನಿನ ಸೈನಿಕರೇ ಎಂದು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಅದೇ ಅರಮನೆಯನ್ನು 1907ರಲ್ಲಿ ಸುಟ್ಟವರು ಜರ್ಮನ್ ಸೈನಿಕರು. ಸಮವಸ್ತ್ರ ಬದಲಾಯಿತು.

ಕೆಲವರು ಸಮಾಧಾನ ಹೇಳುತ್ತಾರೆ: ನೆರೆಯ ಫುಂಬಾನ್ ಪಟ್ಟಣದ ಕರಕುಶಲ ಬೀದಿಗೆ ಹೋಗಿ ನೋಡಿ, ಮಣಿಯ ಸಿಂಹಾಸನ ಬೇಕಾದಷ್ಟು, ಕಲೆ ಸತ್ತಿಲ್ಲ. ಸತ್ತಿಲ್ಲ, ನಿಜ. ಇವತ್ತಿಗೂ ಅಲ್ಲಿ ಹೊಲಿಯುವ ಕೈಗಳು ಚುರುಕಾಗಿವೆ. ಆ ಕೈಗಳ ಮೇಲೆ ನನಗೆ ತಕರಾರಿಲ್ಲ, ಅವರು ಹೊಟ್ಟೆ ಹೊರೆಯಬೇಕು. ನನ್ನ ತಕರಾರು, ಹೊಸ ಮಾಲು ಸಿಗುತ್ತದೆಂದು ಹಳೆಯ ನಷ್ಟವನ್ನು ಅಳಿಸಿಹಾಕುವ ಜಾಣತನದ ಮೇಲೆ. ಪ್ರವಾಸಿಗೆ ಮಾರುವ ಪೀಠದ ಮೇಲೆ ಜೇಡವಿರುತ್ತದೆ, ಆದರೆ ಅದು ಯಾವ ಸತ್ತವರ ಒಪ್ಪಿಗೆಯನ್ನೂ ತರುವುದಿಲ್ಲ. ಅದರ ಮೇಲೆ ಕೂರಲು ಒಂಬತ್ತು ವಾರ ಬೇಡ, ಕ್ರೆಡಿಟ್ ಕಾರ್ಡ್ ಸಾಕು.

ಫ್ರಾನ್ಸ್ ತಾನು ನಡೆಸಿದ್ದು ಯುದ್ಧ ಎಂದು ಒಪ್ಪಲು ಎಷ್ಟು ಕಾಲ ತೆಗೆದುಕೊಂಡಿತು? ಅಧ್ಯಕ್ಷ ಮ್ಯಾಕ್ರೋನ್ 2022ರ ಜುಲೈನಲ್ಲಿ ಯಾವುಂಡೆಗೆ ಹೋಗಿ ಇತಿಹಾಸಕಾರರ ಆಯೋಗದ ಮಾತೆತ್ತಿದರು. ಆಯೋಗದ ವರದಿ 2025ರ ಜನವರಿಯಲ್ಲಿ ಬಂತು. ಹೌದು, ಕ್ಯಾಮರೂನಿನಲ್ಲಿ ಯುದ್ಧ ನಡೆದಿತ್ತು, ದಮನ ನಡೆದಿತ್ತು, ಸ್ವಾತಂತ್ರ್ಯದ ನಂತರವೂ ಮುಂದುವರಿದಿತ್ತು ಎಂಬ ಮ್ಯಾಕ್ರೋನ್ ಅವರ ಪತ್ರ ಬಹಿರಂಗವಾದದ್ದು ಆ ವರ್ಷದ ಆಗಸ್ಟಿನಲ್ಲಿ. ಸುಟ್ಟ ಅರಮನೆಗಳಿಂದ ಫ್ರಾನ್ಸಿಗೆ ದಾಟಿದ್ದು ಏನೇನು, ಯಾರ ಗೋಡೆಗೂಡಿನಲ್ಲಿ ಈಗ ಯಾವ ರಾಜನ ಪೀಠವಿದೆ ಎಂಬ ಪಟ್ಟಿ ಆ ಪತ್ರದ ಜೊತೆಗೇ ಬರಬೇಕಿತ್ತು. ಒಪ್ಪಿಕೊಂಡ ಮೇಲೆ ಲೆಕ್ಕ ಕೊಡುವುದು ಸಾಲಗಾರನ ಕನಿಷ್ಠ ಮರ್ಯಾದೆ. ಪಟ್ಟಿ ಕೊಡಿ. ಖಾಸಗಿ ಸಂಗ್ರಹ ಎಂಬ ಪರದೆ ಸರಿಸಿ. ಹರಾಜು ಮನೆಗಳು 1955ರಿಂದ 1971ರ ನಡುವೆ ಕ್ಯಾಮರೂನ್ ಬಿಟ್ಟ ಒಂದೊಂದು ಮಣಿವಿಗ್ರಹಕ್ಕೂ ಯಾವ ಊರಿನಿಂದ, ಯಾರ ಕೈಯಿಂದ, ಯಾವ ತಿಂಗಳು ಎಂದು ಹೇಳುವ ತನಕ ಅದನ್ನು ಮಾರಾಟಕ್ಕೆ ಇಡಬಾರದು. ಇದು ಭಿಕ್ಷೆಯಲ್ಲ, ಪೊಲೀಸು ಠಾಣೆಯಲ್ಲಿ ಯಾವ ಕಳುವಿಗೂ ಕೇಳುವ ಪ್ರಶ್ನೆ.

2022ರ ಏಪ್ರಿಲಿನಿಂದ ಜುಲೈವರೆಗೆ ಪ್ಯಾರಿಸ್ಸಿನ ಕೇ ಬ್ರಾನ್ಲಿ ಮ್ಯೂಸಿಯಂನಲ್ಲಿ ಕ್ಯಾಮರೂನಿನ ಗುಡ್ಡನಾಡಿನ ಸಂಸ್ಥಾನಗಳ ದೊಡ್ಡ ಪ್ರದರ್ಶನ ನಡೆಯಿತು. 'ರೂತ್ ದೆ ಶೆಫರಿ' ಎಂಬ ಕ್ಯಾಮರೂನಿನದ್ದೇ ಪರಂಪರೆ ಯೋಜನೆಯ ಮೂಲಕ ಫೋಗಳು ತಮ್ಮ ಉಗ್ರಾಣಗಳಿಂದ ಇನ್ನೂರಕ್ಕೂ ಹೆಚ್ಚು ವಸ್ತುಗಳನ್ನು ಎರವಲಾಗಿ ಕಳಿಸಿದರು: ಮಣಿಯ ಪೀಠಗಳು, ವಿಗ್ರಹಗಳು, ಸೋರೆಬುರುಡೆಗಳು, ಆನೆಮುಖವಾಡಗಳು. ಇವು ಸತ್ತ ಕಲೆಯ ಅವಶೇಷಗಳಲ್ಲ, ಬಳಕೆಯಲ್ಲಿರುವ ಸಾಮಾನು. ಪೂಜೆಗೆ, ಕುಣಿತಕ್ಕೆ ಮತ್ತೆ ಬೇಕು ಎಂದು ಹೇಳಿಯೇ ಕಳಿಸಿದ್ದರು. ಅದೇ ಕಟ್ಟಡದ ದಾಸ್ತಾನಿನಲ್ಲಿ ಕ್ಯಾಮರೂನಿನ ವಸ್ತುಗಳು 7,838 ಎಂದು 2018ರಲ್ಲಿ ಫೆಲ್ವಿನ್ ಸಾರ್ ಮತ್ತು ಸವೊಯ್ ಫ್ರೆಂಚ್ ಅಧ್ಯಕ್ಷರಿಗೆ ಕೊಟ್ಟ ವರದಿ ಎಣಿಸಿದೆ. ಜುಲೈ 17ಕ್ಕೆ ಪ್ರದರ್ಶನ ಮುಗಿಯಿತು. ಫೋಗಳು ಎರವಲು ಕೊಟ್ಟದ್ದನ್ನು ಪೆಟ್ಟಿಗೆಗೆ ತುಂಬಿ ಊರಿಗೆ ಕಳಿಸುವ ಕೆಲಸ ಶುರುವಾಯಿತು. ದಾಸ್ತಾನಿನಲ್ಲಿದ್ದವು ದಾಸ್ತಾನಿನಲ್ಲೇ ಉಳಿದವು.